ಪಾವಲಿ ಹೋಯಿತು, ನಾಣ್ಯವೂ ಹೋಗಬೇಕೆ?

ಕನ್ನಡದಲ್ಲಿ 'ನಾಣ್ಯ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಟಂಕಸಾಲೆಯಲ್ಲಿ ಮುದ್ರೆಯೊತ್ತಿಸಿಕೊಂಡು ಹೊರಬರುವ ಲೋಹದ ಬಿಲ್ಲೆ ಒಂದು. ಮನುಷ್ಯನ ನಡೆನುಡಿಗಳಲ್ಲಿ ಕಾಣುವ ಪ್ರಾಮಾಣಿಕತೆ ಮತ್ತೊಂದು. ಕೊಟ್ಟ ಮಾತಿಗೆ ತಪ್ಪದ, ತಕ್ಕಡಿಯನ್ನು ವಾಲಿಸದ ವರ್ತಕನನ್ನು ನಮ್ಮ ಹಿರಿಯರು 'ನಾಣ್ಯಸ್ಥ' ಎಂದು ಕರೆದರು. ಆ ಹೆಸರು ಅವನಿಗೆ ಬಂದದ್ದು ಅವನ ಪೆಟ್ಟಿಗೆಯಲ್ಲಿದ್ದ ಹಣದಿಂದಲ್ಲ, ಆ ಹಣ ಪೆಟ್ಟಿಗೆಗೆ ಬಂದ ದಾರಿಯಿಂದ. ಮೊದಲನೆಯ ಅರ್ಥದ ನಾಣ್ಯವನ್ನು ಸರ್ಕಾರವು ಒಂದು ಅಧಿಸೂಚನೆಯ ಮೂಲಕ ಹಿಂದಕ್ಕೆ ಪಡೆಯಬಲ್ಲದು. ಎರಡನೆಯ ಅರ್ಥದ ನಾಣ್ಯವನ್ನು ಹಿಂದಕ್ಕೆ ಪಡೆಯುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ. ನಾವಾಗಿಯೇ ಬಿಟ್ಟುಕೊಟ್ಟರೆ ಮಾತ್ರ ಅದು ಹೋಗುತ್ತದೆ. ಪಾವಲಿಯನ್ನು ಬೀಳ್ಕೊಟ್ಟ ನೆಪದಲ್ಲಿ ನಾವು ಅದನ್ನೂ ಸದ್ದಿಲ್ಲದೆ ಬಿಟ್ಟುಕೊಡುತ್ತಿದ್ದೇವೆ ಎಂಬುದೇ ಪ್ರಸ್ತುತ ಲೇಖನದ ಆಕ್ಷೇಪ.

ಈ ಮಾತು ಕಟುವಾಗಿ ತೋರಬಹುದು. ಆದರೆ ವ್ಯಾಪಾರವನ್ನೇ ಜೀವನವೃತ್ತಿಯಾಗಿ ಉಳ್ಳ ಕುಟುಂಬಗಳು ನಮ್ಮ ಸಮಾಜದಲ್ಲಿ ಬಹಳ. ಬಸದಿಗಳ ಆಡಳಿತವೂ ಬಹುಮಟ್ಟಿಗೆ ಅದೇ ಕುಟುಂಬಗಳ ಹಿರಿಯರ ಕೈಯಲ್ಲಿದೆ. ಆದುದರಿಂದ ಬಿಡಿಗಾಸಿನ ಪ್ರಶ್ನೆ ನಮಗೆ ಬರಿಯ ಅರ್ಥಶಾಸ್ತ್ರದ ಪ್ರಶ್ನೆಯಲ್ಲ. ಅದು ಅಣುವ್ರತದ ಪ್ರಶ್ನೆ.

ಒಂದು ಬಿಲ್ಲೆಯ ಚರಿತ್ರೆ

ಮೊದಲು ನಡೆದುದನ್ನು ಸ್ಪಷ್ಟಪಡಿಸಿಕೊಳ್ಳೋಣ. ೧೯೫೭ರ ಏಪ್ರಿಲ್ ೧ರ ವರೆಗೆ ನಮ್ಮ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ, ನೂರ ತೊಂಬತ್ತೆರಡು ಪೈಗಳಿದ್ದವು. ಅಂದು ದಶಮಾಂಶ ಪದ್ಧತಿ ಜಾರಿಗೆ ಬಂದು ರೂಪಾಯಿಯನ್ನು ನೂರು ನಯೇ ಪೈಸೆಗಳಾಗಿ ಭಾಗಿಸಲಾಯಿತು. ೧೯೬೪ರಲ್ಲಿ 'ನಯೇ' ಎಂಬ ವಿಶೇಷಣವನ್ನು ಕೈಬಿಡಲಾಯಿತು. ನಾಲ್ಕಾಣೆಯು ಇಪ್ಪತ್ತೈದು ಪೈಸೆಗೆ ಸರಿಯಾಗಿ ಹೊಂದಿತು. ಆದರೆ ಒಂದು ಆಣೆ ಆರೂಕಾಲು ಪೈಸೆಯಾಗುತ್ತಿತ್ತು, ಮತ್ತು ಕಾಲು ಪೈಸೆಯ ಬಿಲ್ಲೆ ಇರಲಿಲ್ಲ. ಆದಕಾರಣ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯ ನಯೇ ಪೈಸೆ ಎಂಬ ಪರಿವರ್ತನೆಯ ಕೋಷ್ಟಕ ಬಳಕೆಗೆ ಬಂದಿತು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಒಂದಾಣೆಯಲ್ಲಿಯೂ ಎರಡಾಣೆಯಲ್ಲಿಯೂ ಭಿನ್ನಾಂಶವನ್ನು ಕೆಳಕ್ಕೆ ಇಳಿಸಲಾಗಿದೆ, ಮೂರಾಣೆಯಲ್ಲಿ ಮೇಲಕ್ಕೆ ಏರಿಸಲಾಗಿದೆ. ಏರಿಕೆಯೂ ಇಳಿಕೆಯೂ ಎರಡೂ ಇದ್ದವು. ಕೊಡುವವನಿಗೂ ಕೊಳ್ಳುವವನಿಗೂ ಕೋಷ್ಟಕ ಒಂದೇ ಆಗಿತ್ತು.

ಅನಂತರ ಬೆಲೆಗಳು ಏರಿದಂತೆ ಬಿಲ್ಲೆಗಳು ಒಂದೊಂದಾಗಿ ಹಿಂದೆ ಸರಿದವು. ಒಂದು, ಎರಡು, ಮೂರು ಪೈಸೆಗಳ ಹಗುರವಾದ ಅಲ್ಯುಮಿನಿಯಂ ಬಿಲ್ಲೆಗಳು ೧೯೭೦ರ ದಶಕದಿಂದಲೇ ಮರೆಯಾಗತೊಡಗಿದವು. ೧೯೮೮ರಿಂದ ಘೇಂಡಾಮೃಗದ ಚಿತ್ರವುಳ್ಳ ಸ್ಟೇನ್‌ಲೆಸ್ ಸ್ಟೀಲಿನ ಇಪ್ಪತ್ತೈದು ಪೈಸೆಯ ಬಿಲ್ಲೆ ಬಂದಿತು. ನಮ್ಮಲ್ಲಿ ಹಲವರು ಪಾವಲಿ ಎಂದೂ, ಉಳಿದವರು ನಾಲ್ಕಾಣೆ ಎಂದೂ ಕರೆದ ಆ ಬಿಲ್ಲೆಯ ಕೊನೆಯ ರೂಪ ಬಹಳ ಮಂದಿಯ ನೆನಪಿನಲ್ಲಿರುವುದು ಹೀಗೆಯೇ. ೨೦೧೦ರ ಡಿಸೆಂಬರ್ ೨೦ರ ಅಧಿಸೂಚನೆಯ ಮೂಲಕ ಕೇಂದ್ರ ಸರ್ಕಾರವು ೨೫ ಪೈಸೆ ಮತ್ತು ಅದಕ್ಕೂ ಕೆಳಗಿನ ಎಲ್ಲ ನಾಣ್ಯಗಳನ್ನು ಹಿಂತೆಗೆದುಕೊಳ್ಳುವ ನಿರ್ಧಾರವನ್ನು ಪ್ರಕಟಿಸಿತು. ೨೦೧೧ರ ಜೂನ್ ೨೯ರ ವರೆಗೆ ಬ್ಯಾಂಕುಗಳಲ್ಲಿ ಅವುಗಳನ್ನು ಬದಲಾಯಿಸಿಕೊಳ್ಳಲು ಅವಕಾಶವಿತ್ತು. ಜೂನ್ ೩೦ರಿಂದ ಅವು ಕಾನೂನುಬದ್ಧ ಹಣವಾಗಿ ಉಳಿಯಲಿಲ್ಲ.

ಈ ನಿರ್ಧಾರವನ್ನು ಈ ಲೇಖನವು ಪ್ರಶ್ನಿಸುವುದಿಲ್ಲ. ಕೊಳ್ಳುವ ಶಕ್ತಿಯನ್ನು ಕಳೆದುಕೊಂಡ, ತಯಾರಿಸುವ ವೆಚ್ಚವನ್ನೂ ಹುಟ್ಟಿಸಲಾರದ ಬಿಲ್ಲೆಯನ್ನು ಅಚ್ಚು ಹಾಕಿ ಹಂಚುತ್ತ ಕೂರುವುದು ವಿವೇಕವಲ್ಲ. ಬೇರೆ ದೇಶಗಳೂ ಹೀಗೆಯೇ ಮಾಡಿವೆ. ಕೆನಡಾ ೨೦೧೩ರ ಫೆಬ್ರವರಿಯಿಂದ ತನ್ನ ಒಂದು ಸೆಂಟಿನ ವಿತರಣೆಯನ್ನು ನಿಲ್ಲಿಸಿತು. ಅಮೆರಿಕೆಯ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಚಲಾವಣೆಗಾಗಿ ಕೊನೆಯ ಒಂದು ಸೆಂಟಿನ ನಾಣ್ಯವನ್ನು ೨೦೨೫ರ ನವೆಂಬರ್ ೧೨ರಂದು ಅಚ್ಚು ಹಾಕಲಾಯಿತು. ಅದರ ತಯಾರಿಕೆಯ ವೆಚ್ಚ ಮುಖಬೆಲೆಯ ಮೂರು ಪಟ್ಟನ್ನು ಮೀರಿತ್ತು. ಕಾಲಧರ್ಮವನ್ನು ಅನುಸರಿಸಿ ಪರ್ಯಾಯವು ಹುಟ್ಟುವುದೂ ಅಳಿಯುವುದೂ ಸಹಜವೆಂಬುದನ್ನು ಜೈನರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಿಲ್ಲೆಯು ಪರ್ಯಾಯ; ಅದು ಹೋಗಲಿ.

ಪ್ರಶ್ನೆಯಿರುವುದು ಅದರೊಡನೆ ಏನೇನನ್ನು ಕಳುಹಿಸಿಕೊಟ್ಟೆವು ಎಂಬುದರಲ್ಲಿ.

ಬಿಲ್ಲೆ ಹೋಯಿತು, ಲೆಕ್ಕ ಹೋಗಿಲ್ಲ

ಹಿಂತೆಗೆದುಕೊಂಡದ್ದು ಕೆಲವು ಬಿಲ್ಲೆಗಳನ್ನೇ ಹೊರತು ಪೈಸೆಯನ್ನಲ್ಲ. ಇಂದಿಗೂ ರೂಪಾಯಿಗೆ ನೂರು ಪೈಸೆಗಳೇ. ಪೆಟ್ರೋಲಿನ ದರ ಪೈಸೆಯಲ್ಲಿದೆ, ಬ್ಯಾಂಕಿನ ಬಡ್ಡಿ ಪೈಸೆಯಲ್ಲಿದೆ, ವಿದ್ಯುತ್ತಿನ ಯೂನಿಟ್ಟಿನ ದರ ಪೈಸೆಯಲ್ಲಿದೆ. ಐವತ್ತು ಪೈಸೆಯ ನಾಣ್ಯವಂತೂ ಈಗಲೂ ಕಾನೂನುಬದ್ಧವಾಗಿಯೇ ಇದೆ. ೨೦೧೧ರ ನಾಣ್ಯ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರದ ಮೊತ್ತವನ್ನು ಎಂಟಾಣೆಯ ಬಿಲ್ಲೆಗಳಲ್ಲಿ ಸಲ್ಲಿಸಬಹುದು. ಹೀಗಿದ್ದರೂ "ಎಂಟಾಣೆ ನಡೆಯುವುದಿಲ್ಲ" ಎಂದು ಅಂಗಡಿಯವರು ಹೇಳುತ್ತಾರೆ, ಗಿರಾಕಿಗಳು ನಂಬುತ್ತಾರೆ. ಯಾವ ಸರ್ಕಾರವೂ ಹೊರಡಿಸದ ಆಜ್ಞೆಯನ್ನು ಪೇಟೆಬೀದಿಯೇ ಹೊರಡಿಸಿ ಜಾರಿಗೆ ತಂದಿದೆ.

ಈ ಆಜ್ಞೆಯಿಂದ ಲಾಭ ಯಾರಿಗೆ? ಮೊತ್ತ ನಲವತ್ತೆರಡೂವರೆ ರೂಪಾಯಿಯಾದರೆ ನಲವತ್ತಮೂರು ಕೇಳುವುದು ವಾಡಿಕೆಯಾಗಿದೆ, ನಲವತ್ತೆರಡೂಕಾಲಾದರೂ ನಲವತ್ತಮೂರೇ. ನಲವತ್ತೆರಡನ್ನು ಕೇಳುವ ಅಂಗಡಿಗಳೂ ಇವೆ, ಅವು ಧನ್ಯ. ಆದರೆ ಏರಿಕೆಯು ರೂಢಿಯಾಗಿ ಇಳಿಕೆಯು ಔದಾರ್ಯವೆನಿಸಿಕೊಂಡ ದಿನವೇ ವ್ಯವಹಾರವು ನ್ಯಾಯದ ನೆಲೆಯಿಂದ ಜಾರಿತು. ೧೯೫೭ರ ಕೋಷ್ಟಕದಲ್ಲಿ ಇಳಿಕೆಯು ಯಾರ ಔದಾರ್ಯವೂ ಆಗಿರಲಿಲ್ಲ, ಅದು ನಿಯಮವಾಗಿತ್ತು. ಕೆನಡಾ ತನ್ನ ಸೆಂಟನ್ನು ಬೀಳ್ಕೊಟ್ಟಾಗಲೂ ಅಲ್ಲಿನ ಸರ್ಕಾರ ಕ್ರಮವೊಂದನ್ನು ಸೂಚಿಸಿತು: ನಗದು ವ್ಯವಹಾರದಲ್ಲಿ ಮಾತ್ರ, ಒಟ್ಟು ಮೊತ್ತದ ಮೇಲೆ ಮಾತ್ರ, ಹತ್ತಿರದ ಐದು ಸೆಂಟಿಗೆ, ಮೇಲಕ್ಕೂ ಕೆಳಕ್ಕೂ ಸಮನಾಗಿ. ನಮ್ಮ ದೇಶದ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯೂ ಇದನ್ನೇ ಹೇಳುತ್ತದೆ. ತೆರಿಗೆಯ ಮೊತ್ತದಲ್ಲಿ ಐವತ್ತು ಪೈಸೆ ಅಥವಾ ಅದಕ್ಕೆ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಅದಕ್ಕೆ ಕಡಿಮೆಯಿದ್ದರೆ ಬಿಟ್ಟುಬಿಡಬೇಕು. ಪ್ರಜೆಯಿಂದ ವಸೂಲು ಮಾಡುವ ಅಧಿಕಾರವುಳ್ಳ ರಾಜ್ಯವೇ ನಲವತ್ತೊಂಬತ್ತು ಪೈಸೆಯನ್ನು ಬಿಡಲು ಒಪ್ಪಿರುವಾಗ, ಅಣುವ್ರತಿಯೆಂದು ಹೇಳಿಕೊಳ್ಳುವ ಶ್ರಾವಕನು ಇಪ್ಪತ್ತೈದು ಪೈಸೆಯನ್ನು ಬಿಡಲಾರನೆ?

ಚಿಲ್ಲರೆಗೆ ಬದಲಾಗಿ ಮಿಠಾಯಿಯನ್ನು ಕೈಗಿಡುವ ಪದ್ಧತಿಯ ಬಗ್ಗೆಯೂ ಒಂದು ಮಾತು. ಗಿರಾಕಿ ಕೇಳದ ವಸ್ತುವನ್ನು ಅವನದೇ ಹಣದಿಂದ ಅವನಿಗೆ ಮಾರುವುದು ಅದು. ಅದೇ ಮಿಠಾಯಿಯನ್ನು ಗಿರಾಕಿ ಮರುದಿನ ತಂದು ರೂಪಾಯಿಗೆ ಬದಲಾಗಿ ಕೊಟ್ಟರೆ ಅಂಗಡಿಯವನು ಸ್ವೀಕರಿಸುತ್ತಾನೆಯೆ? ಸ್ವೀಕರಿಸುವುದಿಲ್ಲ. ಒಂದೇ ದಿಕ್ಕಿನಲ್ಲಿ ನಡೆಯುವ ಹಣ ಹಣವಲ್ಲ. ಅದರಲ್ಲಿಯೂ ಕೆಲವು ಬಗೆಯ ಮಿಠಾಯಿಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್ ಇರುತ್ತದೆ. ಅಷ್ಟಮಿ ಚತುರ್ದಶಿಗಳ ಉಪವಾಸದಲ್ಲಿರುವ ಶ್ರಾವಿಕೆಯ ಕೈಗೆ ಅಂಥದೊಂದನ್ನು ಇಟ್ಟು ಕಳುಹಿಸುವುದು, ಅದೂ ಜೈನನೊಬ್ಬನ ಅಂಗಡಿಯಿಂದ, ಎಷ್ಟರಮಟ್ಟಿಗೆ ಶೋಭಿಸುತ್ತದೆ ಎಂಬುದನ್ನು ಓದುಗರೇ ವಿಚಾರಿಸಲಿ.

ಕೊಡದುದನ್ನು ಕೊಳ್ಳುವುದು

ನಮ್ಮ ಶಾಸ್ತ್ರಗಳು ಕಳವನ್ನು ವಿವರಿಸುವಾಗ ವಸ್ತುವಿನ ಬೆಲೆಯನ್ನು ಅಳೆಯುವುದಿಲ್ಲ. ಕೊಡದುದನ್ನು ಕೊಳ್ಳುವುದು, ಅದತ್ತಾದಾನ, ಇಷ್ಟೇ ಅದರ ಲಕ್ಷಣ. ಹೊನ್ನಾದರೇನು, ಹುಲ್ಲುಕಡ್ಡಿಯಾದರೇನು, ಒಡೆಯನು ಕೊಟ್ಟನೆ ಇಲ್ಲವೆ ಎಂಬುದೊಂದೇ ಅಲ್ಲಿನ ಪ್ರಶ್ನೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಬಳಸುವುದು ಎಂದು ಅದರ ಅರ್ಥ. ಈ ಅತಿಚಾರವನ್ನು ಸೇರು-ಬಳ್ಳಗಳಿಗೆ, ತೂಕದ ಕಲ್ಲುಗಳಿಗೆ ಮಾತ್ರ ಸೀಮಿತಗೊಳಿಸುವುದು ಆತ್ಮವಂಚನೆ. ಹಣವೂ ಒಂದು ಅಳತೆಯೇ. ತನಗೆ ಬರಬೇಕಾದ ಎಂಟಾಣೆಯನ್ನು ಒಂದು ರೂಪಾಯಿಯೆಂದೂ ತಾನು ಕೊಡಬೇಕಾದ ಎಂಟಾಣೆಯನ್ನು ಸೊನ್ನೆಯೆಂದೂ ಎಣಿಸುವ ವರ್ತಕನು ಎರಡು ಅಳತೆಗಳನ್ನು ಇಟ್ಟುಕೊಂಡವನೇ ಸರಿ. ಅವನ ತಕ್ಕಡಿ ನೇರವಾಗಿದ್ದರೂ ಅವನ ಲೆಕ್ಕ ವಾಲಿದೆ.

ಒಂದು ಉದಾಹರಣೆಯಾಗಿ ಲೆಕ್ಕ ಹಾಕಿ ನೋಡೋಣ. ಒಂದು ಅಂಗಡಿಗೆ ದಿನಕ್ಕೆ ೨೦೦ ಗಿರಾಕಿಗಳು ಬರುತ್ತಾರೆಂದೂ, ಒಬ್ಬೊಬ್ಬರಿಂದ ಸರಾಸರಿ ೨೫ ಪೈಸೆ ಹೆಚ್ಚಾಗಿ ಉಳಿಯುತ್ತದೆಂದೂ ಇಟ್ಟುಕೊಳ್ಳಿ. ದಿನಕ್ಕೆ ೫೦ ರೂಪಾಯಿ. ವರ್ಷದಲ್ಲಿ ೩೦೦ ದಿನ ಅಂಗಡಿ ತೆರೆದರೆ ೧೫,೦೦೦ ರೂಪಾಯಿ. ಆ ವರ್ತಕನು ದಶಲಕ್ಷಣ ಪರ್ವದಲ್ಲಿ ಅದರಿಂದ ಹತ್ತು ಸಾವಿರವನ್ನು ತೆಗೆದು ಬಸದಿಗೆ ದಾನ ಕೊಡುತ್ತಾನೆ. ಸಭೆಯಲ್ಲಿ ಅವನಿಗೆ ಶಾಲು ಹೊದಿಸಿ ಗೌರವಿಸುತ್ತೇವೆ. ದಾನ ಕೊಟ್ಟವರು ನಿಜವಾಗಿ ಯಾರು? ತಮಗೆ ತಿಳಿಯದಂತೆ ಪಾವಲಿ ಪಾವಲಿಯಾಗಿ ಕಳೆದುಕೊಂಡ ಆ ಗಿರಾಕಿಗಳು. ಶಾಲು ಅವರಿಗೆ ಸಲ್ಲಬೇಕು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಯೋಗ್ಯತೆಗಳನ್ನು ಎಣಿಸುವಾಗ ಎಲ್ಲಕ್ಕೂ ಮೊದಲು ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನು. ದಾನ, ಪೂಜೆ, ಗುರುಭಕ್ತಿಗಳಿಗೂ ಅದೇ ಅಡಿಗಲ್ಲು. ಅಡಿಗಲ್ಲು ಅಲುಗಿದ ಮೇಲೆ ಕಟ್ಟಡಕ್ಕೆ ಚಿನ್ನದ ಕಲಶವಿಟ್ಟರೂ ಪ್ರಯೋಜನವಿಲ್ಲ.

ಮೂರು ಸಮಾಧಾನಗಳು, ಮೂರು ಉತ್ತರಗಳು

ಈ ವಿಷಯವನ್ನು ಎತ್ತಿದಾಗಲೆಲ್ಲ ಮೂರು ಬಗೆಯ ಸಮಾಧಾನಗಳು ಕೇಳಿಬರುತ್ತವೆ.

ಮೊದಲನೆಯದು, "ಇಪ್ಪತ್ತೈದು ಪೈಸೆಗೆ ಈಗ ಏನು ಸಿಗುತ್ತದೆ? ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಸಣ್ಣತನ" ಎಂಬುದು. ಅದಕ್ಕೆ ಏನೂ ಸಿಗದೆ ಇದ್ದರೆ ಅದನ್ನು ಬಿಟ್ಟುಕೊಡುವುದು ವರ್ತಕನಿಗೂ ಸುಲಭವಾಗಬೇಕಷ್ಟೆ. ಗಿರಾಕಿಗೆ ಹಿಂದಿರುಗಿಸುವಾಗ ನಿಷ್ಪ್ರಯೋಜಕವಾದ ಪೈಸೆ ಪೆಟ್ಟಿಗೆಗೆ ಹಾಕಿಕೊಳ್ಳುವಾಗ ಪ್ರಯೋಜಕವಾಗುವುದು ಹೇಗೆ? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ನಾಡಗಾದೆ ಇರುವುದು ಇಂಥ ಸಂದರ್ಭಕ್ಕಾಗಿಯೇ. ಆನೆಯನ್ನು ಕದಿಯುವ ಪ್ರಸಂಗ ನಮ್ಮಲ್ಲಿ ಬಹಳ ಮಂದಿಗೆ ಜೀವಮಾನದಲ್ಲಿ ಒಮ್ಮೆಯೂ ಬರುವುದಿಲ್ಲ. ಅಡಕೆಯ ಪರೀಕ್ಷೆ ಪ್ರತಿದಿನವೂ ಬರುತ್ತದೆ. ಅಣುವ್ರತವೆಂದರೆ ಅಣುವಿನಷ್ಟರಲ್ಲಿ ಪಾಲಿಸುವ ವ್ರತವೂ ಹೌದೆಂದು ತಿಳಿಯಬೇಕು.

ಎರಡನೆಯದು, "ಚಿಲ್ಲರೆ ಸಿಗುವುದಿಲ್ಲ, ನಮಗೇನೂ ಕದಿಯುವ ಉದ್ದೇಶವಿಲ್ಲ" ಎಂಬುದು. ಉದ್ದೇಶವಿಲ್ಲದಿರಬಹುದು. ಆದರೆ ಉದ್ದೇಶದಷ್ಟೇ ಅಪಾಯಕಾರಿಯಾದುದು ಪ್ರಮಾದ. ಎಚ್ಚರಗೇಡಿತನವನ್ನು ಆಸ್ರವದ ಕಾರಣಗಳಲ್ಲಿ ಒಂದಾಗಿ ನಮ್ಮ ಆಚಾರ್ಯರು ಎಣಿಸಿದ್ದಾರೆ. ಹತ್ತು ವರ್ಷಗಳ ಕಾಲ ದಿನವೂ ಒಂದೇ ದಿಕ್ಕಿಗೆ ಜಾರುವ ಕೈಯನ್ನು ಆಕಸ್ಮಿಕವೆಂದು ಕರೆಯಲಾಗದು. ಅದೂ ಅಲ್ಲದೆ, ೨೦೧೬ರಲ್ಲಿ ಯುಪಿಐ ಬಂದ ಮೇಲೆ ಮೊಬೈಲಿನ ಮೂಲಕ ನಲವತ್ತೆರಡು ರೂಪಾಯಿ ಇಪ್ಪತ್ತೈದು ಪೈಸೆಯನ್ನು ಪೈಸೆಗೆ ಪೈಸೆ ಸರಿಯಾಗಿ ಸಲ್ಲಿಸಬಹುದಾಗಿದೆ. ಬಿಲ್ಲೆಯಿಲ್ಲವೆಂಬ ನೆಪ ಅಲ್ಲಿ ನಿಲ್ಲಲಾರದು. ಆದರೂ ಅಲ್ಲಿಯೂ ನಲವತ್ತಮೂರನ್ನೇ ಕೇಳುವುದಾದರೆ, ಕೊರತೆ ಇದ್ದದ್ದು ಚಿಲ್ಲರೆಯದಲ್ಲವೆಂದು ಸಿದ್ಧವಾಗುತ್ತದೆ.

ಮೂರನೆಯ ಸಮಾಧಾನವು ಮೊದಲಿನ ಎರಡಕ್ಕಿಂತ ಗಂಭೀರವಾದುದು. ಅದು ಧರ್ಮದ ಹೆಸರಿನಲ್ಲಿಯೇ ಬರುತ್ತದೆ. "ಅಪರಿಗ್ರಹವನ್ನು ಬೋಧಿಸುವ ಮತ ನಮ್ಮದು. ಕಾಸು ಕಾಸಿಗೂ ಲೆಕ್ಕ ಹಿಡಿಯುವುದು ಲೋಭದ ಲಕ್ಷಣವಲ್ಲವೆ? ಬಿಡಿಗಾಸನ್ನು ಮರೆಯುವುದೇ ಲೇಸಲ್ಲವೆ?" ಎಂದು ಕೇಳುವ ಹಿರಿಯರಿದ್ದಾರೆ. ಅವರ ಪಕ್ಷಕ್ಕೆ ಒಂದು ಕಥೆಯ ಬಲವೂ ಉಂಟು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಪರಿಗ್ರಹದ ಪಾಪಕ್ಕೆ ದೃಷ್ಟಾಂತವಾಗಿ ಶ್ಮಶ್ರುನವನೀತನನ್ನು ಹೆಸರಿಸಿದ್ದಾರೆ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ದಿನದಿನವೂ ಒರೆಸಿ ಕೂಡಿಟ್ಟು, ಅದರಿಂದಾದ ತುಪ್ಪದ ಗಡಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಚಳಿಗೆ ಬೆಂಕಿ ಕಾಯಿಸುತ್ತ ಮಲಗಿದ್ದವನು ಅವನು. ಆ ತುಪ್ಪದಿಂದ ವ್ಯಾಪಾರ, ವ್ಯಾಪಾರದಿಂದ ಸಂಪತ್ತು, ಸಂಪತ್ತಿನಿಂದ ಅರಸುತನ ಎಂದು ಮನಸ್ಸಿನಲ್ಲಿಯೇ ಮಂಡಿಗೆ ಮೆಲ್ಲುತ್ತ, ಕಾಲೊತ್ತುವ ರಾಣಿಯನ್ನು ಕಲ್ಪಿಸಿಕೊಂಡು ಕಾಲು ಝಾಡಿಸಿದ. ಗಡಿಗೆ ಉರುಳಿತು, ಬೆಂಕಿ ಎದ್ದಿತು, ಅವನು ಸುಟ್ಟುಹೋದ. ಹನಿಯನ್ನು ಕೂಡಿಟ್ಟವನ ಗತಿ ಹೀಗಾಯಿತು ಎಂದು ಕಥೆ.

ಈ ಕಥೆ ನಮ್ಮ ವಾದಕ್ಕೆ ವಿರೋಧಿಯಲ್ಲ. ಅದೇ ನಮ್ಮ ವಾದ. ಶ್ಮಶ್ರುನವನೀತನು ಕೂಡಿಟ್ಟದ್ದು ತನಗಾಗಿ. ತನಗೆ ಬರಬೇಕಾದ ಕಾಸನ್ನು ಮರೆಯುವುದು ಅಪರಿಗ್ರಹ; ಪರರಿಗೆ ಸಲ್ಲಬೇಕಾದ ಕಾಸನ್ನು ಮರೆಯುವುದು ಚೌರ್ಯ. ಇವೆರಡನ್ನು ಅದಲುಬದಲು ಮಾಡುವುದೇ ಎಲ್ಲ ಅನರ್ಥಗಳ ಮೂಲ. ತನ್ನ ಬಾಕಿಯನ್ನು ಕೇಳುವಾಗ ಪೈಸೆಯನ್ನೂ ಬಿಡದೆ, ಪರರ ಬಾಕಿಯನ್ನು ತೀರಿಸುವಾಗ ವಿರಕ್ತನಾಗುವವನು ಅಪರಿಗ್ರಹಿಯಲ್ಲ. ಗಿರಾಕಿಯ ಪಾವಲಿಗಳನ್ನು ವರ್ಷಕ್ಕೆ ಹದಿನೈದು ಸಾವಿರವಾಗುವಂತೆ ಕೂಡಿಡುವ ಅಂಗಡಿಯವನೇ ಇಂದಿನ ಶ್ಮಶ್ರುನವನೀತ. ಮೀಸೆ ಮಾತ್ರ ಬೇರೆಯವರದು.

ಬಸದಿಯ ಹುಂಡಿಯಲ್ಲಿ

ಇಲ್ಲಿಯವರೆಗೆ ವರ್ತಕರ ಮಾತಾಯಿತು. ಬಸದಿಗಳ ಆಡಳಿತ ಮಂಡಳಿಗಳಿಗೂ ಕೆಲವು ಮಾತುಗಳನ್ನು ವಿನಯದಿಂದ, ಆದರೆ ಸಂಕೋಚವಿಲ್ಲದೆ ಹೇಳಬೇಕಾಗಿದೆ.

ನಾಲ್ಕಾಣೆಯು ನಮ್ಮ ನಾಡಿನ ಕಾಣಿಕೆಯ ಸಂಪ್ರದಾಯದಲ್ಲಿ ವಿಶೇಷ ಸ್ಥಾನವನ್ನು ಪಡೆದಿತ್ತು. ಒಂದೂಕಾಲು ರೂಪಾಯಿ, ಐದೂಕಾಲು ರೂಪಾಯಿ, ಹನ್ನೊಂದೂಕಾಲು ರೂಪಾಯಿ ಎಂದು ಹರಕೆಯ ಹಣವನ್ನು ಮೀಸಲಿಡುತ್ತಿದ್ದರು. ಇಡಿಯಾದ ಮೊತ್ತದ ಮೇಲೆ ಕಾಲು ರೂಪಾಯಿ ಸೇರಿಸುವುದರಲ್ಲಿ, ಕೊಟ್ಟದ್ದು ಮುಗಿಯಲಿಲ್ಲ, ಮುಂದುವರಿಯುತ್ತದೆ ಎಂಬ ಭಾವವಿತ್ತು. ೨೦೧೧ರ ಜೂನ್ ೩೦ರಂದು ಆ ಕಾಲು ರೂಪಾಯಿ ಕೈತಪ್ಪಿತು. ಅದು ಹೋದುದಕ್ಕೆ ದುಃಖಪಡಬೇಕಾಗಿಲ್ಲ. ಬಡವರ ಕೈಯಿಂದ ದಾನದ ಸಾಧನವೊಂದು ಹೋಯಿತಲ್ಲ, ಅದರ ಸ್ಥಾನದಲ್ಲಿ ನಾವು ಏನನ್ನು ತಂದೆವು ಎಂದು ಕೇಳಬೇಕಾಗಿದೆ. ತಂದದ್ದು ದರಪಟ್ಟಿಯನ್ನು. ಅಭಿಷೇಕಕ್ಕೆ ಇಂತಿಷ್ಟು, ಅರ್ಚನೆಗೆ ಇಂತಿಷ್ಟು, ಶಾಶ್ವತ ಪೂಜೆಗೆ ಕನಿಷ್ಠ ಇಂತಿಷ್ಟು, ಅಮೃತಶಿಲೆಯಲ್ಲಿ ಹೆಸರು ಕೆತ್ತಿಸಲು ಕನಿಷ್ಠ ಇಂತಿಷ್ಟು. 'ಕನಿಷ್ಠ' ಎಂಬ ಮಾತು ದಾನದ ನಿಘಂಟಿನಲ್ಲಿ ಮೊದಲು ಇದ್ದಿತೆ?

ಶ್ರವಣಬೆಳಗೊಳದ ಶಾಸನಗಳನ್ನು ನೋಡಿದವರಿಗೆ ಗೊತ್ತು. ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗೆಂದು ಕೆಲವೇ ಗದ್ಯಾಣಗಳನ್ನು ಇಟ್ಟು, ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಹಾಲು ನಡೆಯಬೇಕೆಂದು ವಿಧಿಸಿದ ಸಾಮಾನ್ಯ ಭಕ್ತರ ದತ್ತಿಗಳು ಅಲ್ಲಿ ಕಲ್ಲಿನ ಮೇಲೆ ದಾಖಲಾಗಿವೆ. ಅರಸರ, ದಂಡನಾಯಕರ ದತ್ತಿಗಳು ಇರುವ ಬೆಟ್ಟದಲ್ಲಿಯೇ ಅವೂ ಇವೆ. ಗದ್ಯಾಣದ ಜೊತೆಗೆ ಪಣ, ಹಾಗ, ವೀಸ ಮೊದಲಾದ ಕಿರು ನಾಣ್ಯಗಳ ಹೆಸರುಗಳೂ ಈ ನಾಡಿನ ಶಾಸನಗಳಲ್ಲಿ ಬರುತ್ತವೆ. ಕಲ್ಲಿನಲ್ಲಿ ಅಕ್ಷರ ಕೊರೆಯುವ ಶ್ರಮ ಎಷ್ಟೆಂಬುದನ್ನು ಬಲ್ಲವರು ವೀಸವನ್ನೂ ಬರೆದಿಟ್ಟರು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ನಾವು ಎಂಟಾಣೆಯನ್ನು ಎಣಿಸಲು ಬೇಸರಿಸುತ್ತೇವೆ.

ಅದೇ ಬೆಟ್ಟದ ಮೇಲೆ ಗುಳ್ಳಕಾಯಜ್ಜಿಯ ಮೂರ್ತಿಯೂ ಇದೆ. ಚಾವುಂಡರಾಯನು ಕೊಡಗಟ್ಟಲೆ ಹಾಲನ್ನು ಸುರಿಸಿದರೂ ಅಭಿಷೇಕ ಪೂರ್ಣವಾಗಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಮೂರ್ತಿಯನ್ನು ಅಡಿಮುಡಿ ತೋಯಿಸಿ ಹರಿಯಿತು. ಈ ಐತಿಹ್ಯವನ್ನು ಅರಿಯದ ಜೈನ ಮಗುವಿಲ್ಲ. ೧೯೮೧, ೧೯೯೩, ೨೦೦೬, ೨೦೧೮ ಹೀಗೆ ಪ್ರತಿಯೊಂದು ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿಯೂ ಅದನ್ನು ಭಾಷಣಗಳಲ್ಲಿ ಕೇಳಿದ್ದೇವೆ. ಕೇಳಿದ ಮೇಲೆ ನಮ್ಮ ನಮ್ಮ ಊರಿಗೆ ಹಿಂದಿರುಗಿ, ಪಂಚಕಲ್ಯಾಣದ ಕಲಶಗಳನ್ನು ಸವಾಲಿಗೆ ಇಟ್ಟಿದ್ದೇವೆ. ಸವಾಲಿನಿಂದ ಬಸದಿಗಳ ಜೀರ್ಣೋದ್ಧಾರಕ್ಕೆ ಹಣ ಒದಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸವಾಲಿನ ಸಭೆಗೆ ಗುಳ್ಳಕಾಯಜ್ಜಿ ಬಂದರೆ ಆಕೆಯನ್ನು ಎಲ್ಲಿ ಕೂರಿಸುತ್ತೇವೆ? ಆಕೆಯ ಕೈಯಲ್ಲಿರುವ ಎಂಟಾಣೆಯನ್ನು ನೋಡಿ "ಇದು ನಡೆಯುವುದಿಲ್ಲ, ಅಜ್ಜಿ" ಎನ್ನುತ್ತೇವೆಯೆ?

ಹುಂಡಿಯ ಮಹತ್ತ್ವವಿರುವುದು ಅದರ ಮೌನದಲ್ಲಿ. ಅಲ್ಲಿ ಹಾಕಿದ ಬಿಲ್ಲೆಗೆ ರಸೀತಿಯಿಲ್ಲ, ಹೆಸರಿಲ್ಲ, ಶಾಲಿಲ್ಲ. ಕೀರ್ತಿಯ ಲೋಭವನ್ನು ತೊರೆದು ಕೊಟ್ಟ ದಾನ ಅದು. ಅಂಥ ದಾನದ ಧರ್ಮದರ್ಶಿಗಳಾಗಿರುವವರಿಗೆ ಹೆಸರುಳ್ಳ ದಾನಕ್ಕಿಂತ ಹೆಚ್ಚಿನ ಹೊಣೆಯಿದೆ. ಏಕೆಂದರೆ ಲೆಕ್ಕ ಕೇಳಲು ಅಲ್ಲಿ ಯಾರೂ ಬರುವುದಿಲ್ಲ. ದೇವದ್ರವ್ಯವನ್ನು ಪೋಲು ಮಾಡುವುದು ಮಹಾಪಾಪವೆಂದು ಎಲ್ಲರೂ ಒಪ್ಪುತ್ತೇವೆ. ನುಂಗುವುದು ಹೇಗೆ ಪಾಪವೋ, ಎಣಿಸಲು ಬೇಸರಿಸಿ ಗೋಣಿಚೀಲದಲ್ಲಿ ಕೊಳೆಯಬಿಡುವುದೂ ಹಾಗೆಯೇ ಪಾಪ. ನಿಮ್ಮ ಬಸದಿಯ ಉಗ್ರಾಣದ ಮೂಲೆಯಲ್ಲಿ, ೨೦೧೧ರ ಗಡುವಿನೊಳಗೆ ಬ್ಯಾಂಕಿಗೆ ಹೋಗದೆ ಉಳಿದ ಹತ್ತು ಪೈಸೆ, ಇಪ್ಪತ್ತು ಪೈಸೆ, ಪಾವಲಿಗಳ ಚೀಲವೊಂದು ಇದ್ದರೆ, ಅದರ ಬಾಯಿ ಬಿಚ್ಚಿ ನೋಡಿರಿ. ಅದರಲ್ಲಿರುವುದು ತುಕ್ಕು ಹಿಡಿದ ತಗಡಲ್ಲ; ಯಾರೋ ತಮ್ಮ ಖರ್ಚಿನಿಂದ ಮಿಗಿಸಿ, ಕೈಮುಗಿದು, ನಂಬಿ ಹಾಕಿದ ಹಣ. ಬದಲಾಯಿಸಿಕೊಳ್ಳಲು ಆರು ತಿಂಗಳಿಗೂ ಮಿಕ್ಕಿ ಅವಧಿಯಿತ್ತು. ಆ ಅವಧಿಯಲ್ಲಿ ಆ ಚೀಲ ಬ್ಯಾಂಕಿನ ಮೆಟ್ಟಿಲು ಹತ್ತಲಿಲ್ಲವಾದರೆ, ಭಕ್ತರ ಹಣವನ್ನು ಬೆಲೆಯಿಲ್ಲದ ಲೋಹವಾಗಿಸಿದ್ದು ಸರ್ಕಾರವಲ್ಲ.

ಮಾಡಬೇಕಾದುದು

ದೂಷಣೆಯಲ್ಲಿಯೇ ಲೇಖನವನ್ನು ಮುಗಿಸುವುದು ಧರ್ಮವಲ್ಲ. ಶ್ರಾವಕ ಬಂಧುಗಳ ಮತ್ತು ಆಡಳಿತ ಮಂಡಳಿಗಳ ವಿಚಾರಕ್ಕೆ ಈ ಕೆಲವು ಸೂಚನೆಗಳನ್ನು ಇಡುತ್ತೇನೆ.

೧. ಅಂಗಡಿಯಲ್ಲಿ ಪೈಸೆಯ ಭಿನ್ನವನ್ನು ಒಟ್ಟು ಮೊತ್ತದ ಮೇಲೆ ಮಾತ್ರ ಸರಿಹೊಂದಿಸಬೇಕು. ಒಂದೊಂದು ವಸ್ತುವಿನ ಮೇಲೂ ಅಲ್ಲ. ಸಾಧ್ಯವಾದರೆ ಗಿರಾಕಿಯ ಪರವಾಗಿ, ಅದು ಆಗದಿದ್ದರೆ ಹತ್ತಿರದ ರೂಪಾಯಿಗೆ, ಮೇಲಕ್ಕೂ ಕೆಳಕ್ಕೂ ಒಂದೇ ನಿಯಮದಂತೆ. ಆ ನಿಯಮವನ್ನು ಬರೆದು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು.

೨. ಮೊಬೈಲಿನ ಮೂಲಕ ಹಣ ಸಲ್ಲಿಸುವವರಿಂದ ಪೈಸೆಯವರೆಗೂ ಸರಿಯಾದ ಮೊತ್ತವನ್ನೇ ಪಡೆಯಬೇಕು. ಅಲ್ಲಿ ಏರಿಕೆಗೂ ಇಳಿಕೆಗೂ ಕಾರಣವೇ ಇಲ್ಲ.

೩. ಐವತ್ತು ಪೈಸೆಯ ಬಿಲ್ಲೆಯನ್ನು ಅಂಗಡಿಯಲ್ಲಿಯೂ ಬಸದಿಯಲ್ಲಿಯೂ ತಿರಸ್ಕರಿಸಕೂಡದು. ಅದನ್ನು ಸ್ವೀಕರಿಸುವುದು ಔದಾರ್ಯವಲ್ಲ, ಕಾನೂನು.

೪. ಗಿರಾಕಿ ತಾನಾಗಿ ಬಿಟ್ಟುಹೋಗುವ ಚಿಲ್ಲರೆಗೆ ಬೇರೆ ಡಬ್ಬಿಯನ್ನು ಇಡಬಹುದು. ಆದರೆ ಅದು ಜೀವದಯೆಗೋ ಔಷಧದಾನಕ್ಕೋ ಎಂದು ಸ್ಪಷ್ಟವಾಗಿ ಬರೆದಿರಬೇಕು. ಗಿರಾಕಿಯನ್ನು ಕೇಳಿಯೇ ಹಾಕಬೇಕು. ಮತ್ತು ಆ ದಾನದ ಕೀರ್ತಿಯನ್ನು ಅಂಗಡಿಯವನು ತನ್ನ ಹೆಸರಿಗೆ ಬರೆಸಿಕೊಳ್ಳಬಾರದು.

೫. ಬಸದಿಗಳು ಹುಂಡಿಯ ನಾಣ್ಯಗಳನ್ನು ಕಾಲಕಾಲಕ್ಕೆ ಇಬ್ಬರು ಸಾಕ್ಷಿಗಳ ಸಮಕ್ಷಮ ಎಣಿಸಿ ಬ್ಯಾಂಕಿಗೆ ಕಟ್ಟಬೇಕು. ಚಲಾವಣೆ ತಪ್ಪಿದ ಹಳೆಯ ಬಿಲ್ಲೆಗಳಿದ್ದರೆ ಅವನ್ನೂ ಎಣಿಸಿ ಪುಸ್ತಕದಲ್ಲಿ ನಮೂದಿಸಬೇಕು. ಆ ಮೊತ್ತವನ್ನು ಆಡಳಿತ ಮಂಡಳಿಯವರು ತಮ್ಮ ಕೈಯಿಂದ ತುಂಬಿಕೊಟ್ಟರೆ ಅದಕ್ಕಿಂತ ಉತ್ತಮವಾದ ಪ್ರಾಯಶ್ಚಿತ್ತವಿಲ್ಲ.

೬. ವಾರ್ಷಿಕ ವರದಿಯಲ್ಲಿ ದಾನಿಗಳ ಪಟ್ಟಿಯ ಮೊದಲ ಸಾಲು 'ಹುಂಡಿಯಲ್ಲಿ ಹೆಸರಿಲ್ಲದೆ ಅರ್ಪಿಸಿದವರು' ಎಂದಿರಲಿ, ಅದ‌ರೆದುರು ಆ ಮೊತ್ತವಿರಲಿ. ವರ್ಷಕ್ಕೆ ಒಮ್ಮೆಯಾದರೂ ಒಂದು ಅಭಿಷೇಕವನ್ನು ದರವಿಲ್ಲದೆ, ಸವಾಲಿಲ್ಲದೆ, ಆ ಹೆಸರಿಲ್ಲದವರ ಪರವಾಗಿ ನಡೆಸೋಣ.

ಇವುಗಳಲ್ಲಿ ಯಾವುದೂ ದೊಡ್ಡ ತ್ಯಾಗವನ್ನು ಬೇಡುವುದಿಲ್ಲ. ನಿರ್ಗ್ರಂಥ ಮುನಿಗಳು ಮೈಮೇಲಿನ ನೂಲನ್ನೂ ಬಿಟ್ಟು ನಡೆದ ದಾರಿಯಲ್ಲಿ, ಗೃಹಸ್ಥನಿಂದ ಕೇಳುತ್ತಿರುವುದು ತನ್ನದಲ್ಲದ ಪಾವಲಿಯನ್ನು ಬಿಡು ಎಂದಷ್ಟೆ. ಮುಂದೆ ಎಂಟಾಣೆಯೂ ಹೋಗಬಹುದು, ಒಂದು ದಿನ ರೂಪಾಯಿಯ ಬಿಲ್ಲೆಯೂ ಹೋಗಬಹುದು. ಪ್ರತಿಯೊಂದು ಬಿಲ್ಲೆ ಹೋದಾಗಲೂ ಅದರ ಭಿನ್ನಾಂಶವು ಯಾರದೋ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಅದು ನಮ್ಮ ಪೆಟ್ಟಿಗೆಯಲ್ಲಿ ಉಳಿಯದಂತೆ ನೋಡಿಕೊಳ್ಳುವ ಎಚ್ಚರ ನಮಗಿದ್ದರೆ ಸಾಕು.

ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ ಲೋಭವನ್ನು ತೊಳೆಯುವ ಮಾತುಗಳನ್ನು ಕೇಳುತ್ತೇವೆ. ಪರ್ವದ ಕೊನೆಗೆ ಕ್ಷಮಾವಾಣಿಯಂದು ಅರಿತೋ ಅರಿಯದೆಯೋ ಮಾಡಿದ ತಪ್ಪುಗಳಿಗೆ ಎಲ್ಲರಲ್ಲಿಯೂ ಕ್ಷಮೆ ಕೇಳುತ್ತೇವೆ. ಈ ಸಲದ ಪರ್ವಕ್ಕೆ ಮೊದಲು ಪ್ರತಿಯೊಬ್ಬ ಶ್ರಾವಕ ವರ್ತಕನೂ ತನ್ನ ಗಲ್ಲಾಪೆಟ್ಟಿಗೆಯ ಒಂದು ದಿನದ ಲೆಕ್ಕವನ್ನು ಪೈಸೆ ಪೈಸೆಯಾಗಿ ಬರೆದು ನೋಡಲಿ. ಪ್ರತಿಯೊಂದು ಆಡಳಿತ ಮಂಡಳಿಯೂ ತನ್ನ ಉಗ್ರಾಣದ ಬೀಗವನ್ನು ತೆಗೆಯಲಿ. ಹಿಂದಿರುಗಿಸಬೇಕಾದುದನ್ನು ಹಿಂದಿರುಗಿಸಿ ಕೇಳಿದ ಕ್ಷಮೆಗೆ ಬೆಲೆಯಿದೆ. ಇಟ್ಟುಕೊಂಡೇ ಕೇಳಿದ ಕ್ಷಮೆ ಯಾವ ಪೇಟೆಯಲ್ಲಿಯೂ ನಡೆಯದ ನಾಣ್ಯ.